ಗುಂಡು ಹಾರುವಾಗ ಯೋಚನೆ ಮಾಡೋಕೆ ಟೈಮ್ ಇರಲ್ಲ: ಸೈನಿಕನ ಟ್ರೈನಿಂಗ್, ಪೋಸ್ಟಿಂಗ್, ಯುದ್ಧ, ಆಮೇಲಿನ ಬದುಕು

ಸೈನಿಕರ ಬಗ್ಗೆ ಮಾತು ಬಂದ್ರೆ ಬಾಯಿಗೆ ಮೊದಲು ಬರೋ ಪದ ಧೈರ್ಯ. ಧೈರ್ಯ ಬೇಕೇ ಬೇಕು, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಆ ಒಂದು ಪದದಲ್ಲೇ ಎಲ್ಲಾ ಮುಗಿಸಿಬಿಟ್ರೆ ಒಬ್ಬ ಸಾಮಾನ್ಯ ಹುಡುಗ ಕೆಲವೇ ತಿಂಗಳಲ್ಲಿ ಸೈನಿಕ ಹೇಗಾದ, ಗುಂಡು ಹಾರುವಾಗ ಅವನ ಕೈ ಹೇಗೆ ಕೆಲಸ ಮಾಡ್ತು, ಅಷ್ಟು ಗಟ್ಟಿ ಇದ್ದೋನು ವಾಪಸ್ ಬಂದ್ಮೇಲೆ ಬಾಗಿಲು ಬಡಿದ ಸದ್ದಿಗೆ ಯಾಕೆ ಬೆಚ್ಚಿ ಬೀಳ್ತಾನೆ ಅನ್ನೋದು ಯಾವುದೂ ಅರ್ಥ ಆಗಲ್ಲ. ನಾನು ಹೇಳೋಕೆ ಹೊರಟಿರೋದು ಇಷ್ಟೇ. ಯುದ್ಧದಲ್ಲಿ ಸೈನಿಕನನ್ನ ಹಿಡಿದು ನಿಲ್ಲಿಸೋದು ಮೈಗೆ ಹತ್ತಿಸಿದ ಅಭ್ಯಾಸ ಮತ್ತು ಪಕ್ಕದಲ್ಲಿರೋ ನಾಲ್ಕೈದು ಜನ, ಮತ್ತೆ ಆ ಅಭ್ಯಾಸ ಯುದ್ಧ ಮುಗೀತು ಅಂದ ತಕ್ಷಣ ಬಿಟ್ಟು ಹೋಗಲ್ಲ.

ಮೊದಲು ಮೈಯಿಂದಾನೇ ಶುರು ಮಾಡೋಣ, ಯಾಕಂದ್ರೆ ಅದು ಗೊತ್ತಿಲ್ದೆ ಟ್ರೈನಿಂಗ್ ಯಾಕೆ ಹಾಗಿರತ್ತೆ ಅಂತ ತಿಳಿಯಲ್ಲ. ಇದ್ದಕ್ಕಿದ್ದ ಹಾಗೆ ತನ್ನ ಮೇಲೆ ಗುಂಡು ಹಾರಿದಾಗ ಅಡ್ರಿನಲಿನ್ ರಕ್ತಕ್ಕೆ ನುಗ್ಗತ್ತೆ, ಎದೆ ಬಡಿತ ಏರತ್ತೆ, ರಕ್ತ ಬೆರಳ ತುದಿ ಮತ್ತು ಹೊಟ್ಟೆ ಕಡೆಯಿಂದ ತೊಡೆ, ತೋಳಿನ ದೊಡ್ಡ ಸ್ನಾಯುಗಳ ಕಡೆ ಹರಿಯತ್ತೆ. ಬಾಯಿ ಒಣಗತ್ತೆ, ಬೆರಳು ನಡುಗತ್ತೆ. ಎದುರಿಗೆ ಇರೋದು ಮಾತ್ರ ಕಾಣತ್ತೆ, ಅಕ್ಕಪಕ್ಕ ಮಾಯ ಆಗಿಬಿಡತ್ತೆ. ತನ್ನದೇ ರೈಫಲ್ ಸದ್ದು ತನಗೆ ಎಲ್ಲೋ ದೂರದಲ್ಲಿ ಕೇಳಿಸಿದ ಹಾಗಿತ್ತು ಅನ್ನೋರು ಇದಾರೆ, ಎರಡು ಸೆಕೆಂಡಿನ ವಿಷಯ ಎರಡು ನಿಮಿಷ ನಡೆದ ಹಾಗಿತ್ತು ಅನ್ನೋರೂ ಇದಾರೆ. ನೆನಪು ತುಂಡು ತುಂಡಾಗಿ ಉಳಿಯತ್ತೆ, ಒಂದೇ ಸೆಕ್ಷನ್‌ನ (ಹತ್ತು ಜನರ ಆಸುಪಾಸಿನ ಸಣ್ಣ ತಂಡ) ಇಬ್ಬರು ಒಂದೇ ಘಟನೆನ ಪೂರ್ತಿ ಬೇರೆ ಬೇರೆ ಥರ ಹೇಳ್ತಾರೆ, ಇಬ್ಬರೂ ಸುಳ್ಳು ಹೇಳ್ತಿರಲ್ಲ. ವಾಂತಿ ಮಾಡ್ಕೊಳ್ಳೋದು, ಬಟ್ಟೆಯಲ್ಲೇ ಮೂತ್ರ ಹೋಗೋದು ಕೂಡ ಆಗತ್ತೆ, 2ನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರನ್ನೇ ಕೇಳಿ ಮಾಡಿದ ಸರ್ವೆಗಳಲ್ಲಿ ಇದನ್ನ ಒಪ್ಪಿಕೊಂಡವರು ಬಹಳ ಜನ. ಅವರು ಹೇಡಿಗಳಾಗಿರಲಿಲ್ಲ, ಮೈ ಇರೋದೇ ಹಾಗೆ.

ಈಗ ಇಂಥ ಸ್ಥಿತಿಯಲ್ಲಿರೋ ಮನುಷ್ಯನ ಕೈಲಿ ರೈಫಲ್ ಇದೆ, ಟ್ರಿಗರ್ ಒತ್ತಿದ್ರೆ ಗುಂಡು ಹೋಗ್ಲಿಲ್ಲ. ಯಾಕೆ ಹೋಗ್ಲಿಲ್ಲ, ಮ್ಯಾಗಜೀನ್ ಸರಿಯಾಗಿ ಕೂತಿಲ್ವಾ, ಗುಂಡೇ ಕೆಟ್ಟಿದೆಯಾ, ಖಾಲಿ ಕಾರ್ಟ್ರಿಡ್ಜ್ ಒಳಗೆ ಸಿಕ್ಕೊಂಡಿದೆಯಾ ಅಂತ ಯೋಚನೆ ಮಾಡ್ತಾ ಕೂರೋಕೆ ಆಗಲ್ಲ. ಅದಕ್ಕೇ ಒಂದು ಡ್ರಿಲ್ ಇದೆ. ಅಂಗೈಯಿಂದ ಮ್ಯಾಗಜೀನ್ ತಳಕ್ಕೆ ಜೋರಾಗಿ ಗುದ್ದು, ಕಾಕಿಂಗ್ ಹ್ಯಾಂಡಲ್ (ಗುಂಡು ಒಳಗೆ ತುಂಬೋಕೆ ಎಳೆಯೋ ಹಿಡಿ) ಪೂರ್ತಿ ಹಿಂದಕ್ಕೆ ಎಳೆದು ಬಿಡು, ಮತ್ತೆ ಗುರಿ ಇಟ್ಟು ಒತ್ತು. ಅಷ್ಟೇ. ಇದನ್ನ ಹಗಲಲ್ಲಿ ಮಾಡಿಸ್ತಾರೆ, ಕತ್ತಲಲ್ಲಿ ಮಾಡಿಸ್ತಾರೆ, ಕೆಸರಲ್ಲಿ ಮಲಗಿಸಿ ಮಾಡಿಸ್ತಾರೆ, ಐದು ಕಿಲೋಮೀಟರ್ ಓಡಿಸಿ ಏದುಸಿರು ಬಿಡ್ತಿರುವಾಗ ಕಿವಿ ಹತ್ರ ಕಿರುಚ್ತಾ ಮಾಡಿಸ್ತಾರೆ. ನೂರಾರು ಸಲ ಆದ್ಮೇಲೆ ಕೈ ತಾನಾಗೇ ಹೋಗತ್ತೆ, ಬಿಸಿ ಪಾತ್ರೆ ಮುಟ್ಟಿದ ಕೈ ಹಿಂದಕ್ಕೆ ಬರೋ ಥರ. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ ಆ ಮೂರು ಚಲನೆಯೂ ದೊಡ್ಡ ಸ್ನಾಯುಗಳ ಕೆಲಸ, ಬೆರಳ ನಾಜೂಕು ಆದಷ್ಟು ಕಮ್ಮಿ ಬೇಕಾಗೋ ಹಾಗೆ ಡ್ರಿಲ್ ಕಟ್ಟಿರ್ತಾರೆ, ಯಾಕಂದ್ರೆ ಆ ಹೊತ್ತಲ್ಲಿ ಬೆರಳು ಮಾತು ಕೇಳಲ್ಲ ಅಂತ ಅವರಿಗೆ ಗೊತ್ತು.

ಹೊರಗಿನವರಿಗೆ ವಿಚಿತ್ರ ಅನ್ಸೋ ಟ್ರೈನಿಂಗ್‌ನ ಉಳಿದ ಭಾಗಗಳಿಗೂ ಇದೇ ಲೆಕ್ಕ. ತಲೆಗೂದಲು ತೆಗೆಸೋದು, ಹಾಸಿಗೆ ಚಾದರ ಒಂದು ಗೆರೆ ಇಲ್ದಂಗೆ ಎಳೆಯೋದು, ಒಬ್ಬ ತಪ್ಪು ಮಾಡಿದ್ರೆ ಇಡೀ ಪ್ಲಟೂನ್‌ಗೆ, ಅಂದ್ರೆ ಇಡೀ ತುಕಡಿಗೆ ಶಿಕ್ಷೆ. ಇದನ್ನೆಲ್ಲಾ ಮಾಡಿಸೋನಿಗೆ ಭಾರತೀಯ ಸೇನೆಯಲ್ಲಿ ಉಸ್ತಾದ್ ಅಂತಾರೆ, ಅಮೆರಿಕದಲ್ಲಿ ಡ್ರಿಲ್ ಸಾರ್ಜೆಂಟ್ ಅಂತಾರೆ, ಹೆಸರು ಬೇರೆ, ಕೆಲಸ ಒಂದೇ. ಅಮೆರಿಕದ ಸೇನೆಯ ಬೇಸಿಕ್ ಟ್ರೈನಿಂಗ್ 10 ವಾರ, ಅವರ ಮೆರೀನ್‌ಗಳದ್ದು 13 ವಾರ. ಈ ಅವಧಿಯಲ್ಲಿ ನಿದ್ದೆ ಕಮ್ಮಿ, ಸ್ವಂತ ಸಮಯ ಇಲ್ಲವೇ ಇಲ್ಲ, ಏನು ಯಾವಾಗ ಮಾಡಬೇಕು ಅಂತ ಬೇರೆಯವರು ಹೇಳ್ತಾರೆ. ಒತ್ತಡದಲ್ಲಿ ಹೇಳಿದ್ದನ್ನ ಮಾಡೋದು, ಸಣ್ಣ ವಿವರಕ್ಕೂ ಗಮನ ಕೊಡೋದು ಮೈಗೆ ಹತ್ತತ್ತೆ. ಅದಕ್ಕಿಂತ ಮುಖ್ಯವಾಗಿ, ನನ್ನ ತಪ್ಪಿಗೆ ಇನ್ನೊಬ್ಬ ನೋವು ತಿಂತಾನೆ ಅನ್ನೋದು ಮನಸ್ಸಿಗೆ ಇಳಿಯತ್ತೆ, ಮುಂದೆ ಯುದ್ಧದಲ್ಲಿ ಅದು ಅಕ್ಷರಶಃ ನಿಜ ಆಗತ್ತೆ.

ಆದ್ರೆ ಕಠಿಣತೆ ಮತ್ತು ಕ್ರೌರ್ಯ ಎರಡೂ ಒಂದೇ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. 1956ರ ಏಪ್ರಿಲ್‌ನಲ್ಲಿ ಅಮೆರಿಕದ ಪ್ಯಾರಿಸ್ ಐಲ್ಯಾಂಡ್ ತರಬೇತಿ ಕೇಂದ್ರದಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ ಶಿಸ್ತು ಕಲಿಸ್ತೀನಿ ಅಂತ ರಾತ್ರಿ ಹೊತ್ತು ಪ್ಲಟೂನ್‌ನ ರಿಬ್ಬನ್ ಕ್ರೀಕ್ ಅನ್ನೋ ಜೌಗು ತೊರೆಗೆ ಇಳಿಸಿದ, ಆರು ಹುಡುಗರು ಮುಳುಗಿ ಸತ್ತರು. ಆಮೇಲೆ ಅಲ್ಲಿನ ಟ್ರೈನಿಂಗ್ ನಿಯಮಗಳೇ ಬದಲಾದವು. 2013ರ ಜುಲೈನಲ್ಲಿ ಬ್ರಿಟನ್ನಿನ ಬ್ರೆಕನ್ ಬೀಕನ್ಸ್ ಬೆಟ್ಟಗಳಲ್ಲಿ ವಿಶೇಷ ಪಡೆಯ ಆಯ್ಕೆ ನಡಿಗೆ ನಡೀತಿರುವಾಗ ಬಿಸಿಲಿನ ಝಳಕ್ಕೆ ಮೂವರು ಮೀಸಲು ಸೈನಿಕರು ಸತ್ತರು. ಒಳ್ಳೆ ಇನ್‌ಸ್ಟ್ರಕ್ಟರ್ ಹುಡುಗನ್ನ ಅಂಚಿನ ತನಕ ಒಯ್ದು ವಾಪಸ್ ಕರ್ಕೊಂಡು ಬರ್ತಾನೆ, ಒತ್ತಡವನ್ನ ಹಂತ ಹಂತವಾಗಿ ಏರಿಸ್ತಾನೆ, ಪ್ರತಿ ಹಂತದಲ್ಲೂ ಇದು ನನ್ನ ಕೈಲಾಗತ್ತೆ ಅನ್ನೋ ನಂಬಿಕೆ ಹುಟ್ಟಬೇಕು. ಸುಮ್ನೆ ಅವಮಾನ ಮಾಡೋದ್ರಿಂದ ಆ ನಂಬಿಕೆ ಹುಟ್ಟಲ್ಲ.

ಕೊಲ್ಲೋದನ್ನೂ ಕಲಿಸಬೇಕಾಗತ್ತೆ, ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. 2ನೇ ಮಹಾಯುದ್ಧದ ನಂತರ 1947ರಲ್ಲಿ ಎಸ್.ಎಲ್.ಎ. ಮಾರ್ಷಲ್ ಅನ್ನೋ ಅಮೆರಿಕದ ಸೇನಾ ಇತಿಹಾಸಕಾರ, ಚಕಮಕಿಯಲ್ಲಿ ನೂರಕ್ಕೆ 15ರಿಂದ 25 ಸೈನಿಕರು ಮಾತ್ರ ಗುಂಡು ಹಾರಿಸ್ತಿದ್ರು ಅಂತ ಬರೆದ. ಆ ಲೆಕ್ಕಕ್ಕೆ ಸರಿಯಾದ ದಾಖಲೆ ಇಲ್ಲ ಅಂತ ಮುಂದೆ ಇತಿಹಾಸಕಾರರು ತಕರಾರು ತೆಗೆದ್ರು, ತಕರಾರು ಗಟ್ಟಿಯಾಗೇ ಇದೆ, ಹಾಗಾಗಿ ಆ ಅಂಕಿನ ಇವತ್ತಿಗೂ ಶೇರ್ ಮಾಡೋರು ಸ್ವಲ್ಪ ಹುಷಾರಾಗಿರಬೇಕು. ಆದ್ರೆ ಅದರ ಪರಿಣಾಮ ಮಾತ್ರ ದೊಡ್ಡದು. 1950ರ ದಶಕದಲ್ಲಿ ಅಮೆರಿಕದ ಸೇನೆ ವೃತ್ತ ಬರೆದ ಹಲಗೆ ಬದಿಗಿಟ್ಟು ಮನುಷ್ಯನ ಆಕಾರದ ಟಾರ್ಗೆಟ್ ತಂತು, ಪೊದೆ ಹಿಂದಿಂದ ತಟ್ಟನೆ ಏಳತ್ತೆ, ಗುಂಡು ಬಿದ್ರೆ ಮಲಗತ್ತೆ. ನೋಡಿದ ತಕ್ಷಣ ಹೊಡಿ, ಬಿತ್ತು, ಮುಂದಿನದು. ಇವತ್ತು ಎಷ್ಟೋ ಸೇನೆಗಳಲ್ಲಿ ಹೀಗೇ ಕಲಿಸೋದು. ಇದು ಕೆಲಸ ಮಾಡತ್ತೆ, ಆದ್ರೆ ಟ್ರಿಗರ್ ಒತ್ತೋದನ್ನ ಕಲಿಸೋಕೆ ಎಷ್ಟು ವಾರ ಇಟ್ಟಿದಾರೋ ಅದರ ನಂತರದ ಯೋಚನೆ ಜೊತೆ ಬದುಕೋದು ಕಲಿಸೋಕೆ ಅದರ ಒಂದು ಪಾಲನ್ನೂ ಇಟ್ಟಿಲ್ಲ. ನನ್ನ ಪ್ರಕಾರ ಆಧುನಿಕ ಟ್ರೈನಿಂಗ್‌ನ ಅತಿ ದೊಡ್ಡ ಕೊರತೆ ಇದೇ.

ಪೋಸ್ಟಿಂಗ್ ಬಂತು, ಮುಂಚೂಣಿಗೆ ಹೋದ ಅಂದ್ರೆ ದಿನಾ ಗುಂಡಿನ ಮಳೆ ಅಂತ ಅಲ್ಲ. ಬಹುಪಾಲು ಸಮಯ ಕಾಯೋದು. ಕಾವಲು, ಗಸ್ತು, ಮರಳು ಚೀಲ ತುಂಬೋದು, ನೀರು ಹೊರೋದು, ವಾಹನ ರಿಪೇರಿ, ಮತ್ತೆ ಕಾವಲು. ನಸುಕಿನ ಮೂರು ಗಂಟೆಗೆ ಸೆಂಟ್ರಿ ಡ್ಯೂಟಿಯಲ್ಲಿ ನೈಟ್ ವಿಷನ್‌ನ ಹಸಿರು ಬೆಳಕಲ್ಲಿ ಅದೇ ಪೊದೆ ನೋಡ್ತಾ ನಿಂತಿರೋದು, ಪೊದೆ ಅಲ್ಲಾಡಿದ ಹಾಗೆ ಕಾಣತ್ತೆ, ಗಾಳಿನೋ ಮನುಷ್ಯನೋ ಗೊತ್ತಾಗಲ್ಲ, ಎದೆ ಬಡ್ಕೊಳತ್ತೆ, ಏನೂ ಇರಲ್ಲ, ಮತ್ತೆ ಹದಿನೈದು ನಿಮಿಷಕ್ಕೆ ಅದೇ. ಏನೂ ಆಗದ ಆ ರಾತ್ರಿಗಳೂ ಮೈಯನ್ನ ಸವೆಸತ್ತೆ, ಯಾಕಂದ್ರೆ ಮೈಗೆ ಅದು ಪ್ರತಿ ಸಲವೂ ನಿಜವಾದ ಅಪಾಯನೇ.

ಜೊತೆಗೆ ಭಾರ. 2003ರಲ್ಲಿ ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕದ ಕಾಲಾಳುಗಳು ಹೊರೋದನ್ನ ತೂಕ ಹಾಕಿ ನೋಡಿದಾಗ, ಕಾದಾಡೋ ಹೊತ್ತಲ್ಲಿ ಮೈಮೇಲೆ ಸರಾಸರಿ 29 ಕೆಜಿ, ಬೆನ್ನ ಚೀಲ ಸಮೇತ ನಡೆಯುವಾಗ ಸುಮಾರು 46 ಕೆಜಿ ಇತ್ತು. ಸೆರಾಮಿಕ್ ಪ್ಲೇಟ್, ಹೆಲ್ಮೆಟ್, ಗುಂಡು, ನೀರು, ರೇಡಿಯೋ, ಆ ರೇಡಿಯೋಗೆ ಬ್ಯಾಟರಿ, ಬ್ಯಾಟರಿಗೆ ಬದಲಿ ಬ್ಯಾಟರಿ. ಜೀವ ಉಳಿಸೋಕೆ ಅಂತ ಕೊಟ್ಟ ಪ್ರತಿ ವಸ್ತುವೂ ಅವನನ್ನ ನಿಧಾನ ಮಾಡತ್ತೆ, ಗುಂಡು ಬರ್ತಿರುವಾಗ ಬಯಲು ದಾಟಬೇಕಾದ್ರೆ ಆ ನಿಧಾನಾನೇ ಕೊಲ್ಲಬಹುದು. ಮಂಡಿ, ಸೊಂಟ, ಬೆನ್ನು ನೋವು ಸೇನೆ ಬಿಟ್ಟವರಲ್ಲಿ ಅಷ್ಟು ಕಾಣೋದು ಸುಮ್ನೆ ಅಲ್ಲ. ಗಂಡಸಿನ ಅಳತೆಗೆ ಮಾಡಿದ ಕವಚವನ್ನೇ ಹಾಕ್ಕೋಬೇಕಾಗಿ ಬಂದ ಮಹಿಳಾ ಸೈನಿಕರ ಕಷ್ಟ ಇನ್ನೂ ಜಾಸ್ತಿ, ಅವರಿಗೆ ಸರಿಹೊಂದೋ ಕವಚ ಬರ್ತಿರೋದು ಇತ್ತೀಚೆಗೆ.

ಕೆಲವು ಕಡೆ ಶತ್ರುಗಿಂತ ಜಾಗವೇ ದೊಡ್ಡ ಶತ್ರು. ಸಿಯಾಚಿನ್‌ನಲ್ಲಿ 1984ರಿಂದ ಭಾರತ ಮತ್ತು ಪಾಕಿಸ್ತಾನದ ಸೈನಿಕರು ಎದುರುಬದುರು ಇದಾರೆ, 2003ರ ನವೆಂಬರ್‌ನಲ್ಲಿ ಅಲ್ಲಿ ಕದನವಿರಾಮ ಬಂತು, ಆದ್ರೂ ಸಾವು ನಿಂತಿಲ್ಲ. 6,000 ಮೀಟರ್ ಸುತ್ತಮುತ್ತ ಗಾಳಿಯಲ್ಲಿ ಸಿಗೋ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕೂ ಕಮ್ಮಿ, ಶ್ವಾಸಕೋಶದಲ್ಲಿ ನೀರು ತುಂಬ್ಕೊಳತ್ತೆ, ಬೆರಳು ಹಿಮಗಟ್ಟಿ ಕಪ್ಪಾಗತ್ತೆ, ನಿದ್ದೆ ಬರಲ್ಲ, ಹಸಿವೂ ಆಗಲ್ಲ. ಅಲ್ಲಿ ಎರಡೂ ಕಡೆ ಗುಂಡಿಗಿಂತ ಹವಾಮಾನ ಮತ್ತು ಹಿಮಕುಸಿತಕ್ಕೆ ಸತ್ತವರೇ ಜಾಸ್ತಿ.

ಫೋನ್ ಬಂದ್ಮೇಲೆ ಪೋಸ್ಟಿಂಗ್‌ನ ಸ್ವರೂಪಾನೇ ಬದಲಾಯ್ತು. ಹಿಂದೆ ಒಂದು ಕಾಗದ ಬರೋಕೆ ವಾರಗಟ್ಟಲೆ ಕಾಯಬೇಕಿತ್ತು, ಈಗ ಗಸ್ತು ಮುಗಿಸಿ ಬಂದು ಅರ್ಧ ಗಂಟೆಗೆ ವಿಡಿಯೋ ಕಾಲ್‌ನಲ್ಲಿ ಮಗು ಹೋಮ್‌ವರ್ಕ್ ಮಾಡಿಲ್ಲ ಅನ್ನೋ ಜಗಳ ಕೇಳ್ತಾನೆ. ಇದು ಸಮಾಧಾನ, ಭಾರವೂ ಹೌದು, ಎರಡು ಲೋಕದಲ್ಲಿ ಒಟ್ಟಿಗೆ ಇರಬೇಕು. ಯೂನಿಟ್‌ನಲ್ಲಿ ಯಾರಾದ್ರೂ ಸತ್ರೆ ಅಥವಾ ತೀವ್ರ ಗಾಯ ಆದ್ರೆ ಫೋನ್, ಇಂಟರ್ನೆಟ್ ಎಲ್ಲಾ ಬಂದ್ ಮಾಡ್ತಾರೆ, ಬ್ರಿಟಿಷ್ ಸೇನೆಯಲ್ಲಿ ಇದಕ್ಕೆ ಆಪರೇಷನ್ ಮಿನಿಮೈಸ್ ಅಂತ ಹೆಸರು, ಮನೆಯವರಿಗೆ ಸುದ್ದಿ ಫೇಸ್‌ಬುಕ್‌ನಿಂದ ಗೊತ್ತಾಗಬಾರದು ಅಂತ. ಹಾಗಾಗಿ ಇಡೀ ಯೂನಿಟ್‌ನ ಮನೆಗಳಲ್ಲಿ ಇವತ್ತು ಕಾಲ್ ಬರ್ಲಿಲ್ಲ ಅಂದ್ರೆ ಯಾರಿಗೋ ಏನೋ ಆಗಿದೆ ಅಂತ ಅರ್ಥ, ಯಾರಿಗೆ ಅಂತ ಗೊತ್ತಿಲ್ಲ, ಅಷ್ಟೂ ಮನೆಯವರು ಬಾಗಿಲ ಕಡೆ ಕಿವಿ ಇಟ್ಕೊಂಡು ಕೂತಿರ್ತಾರೆ. ಅದೇ ಫೋನ್ ಪ್ರಾಣಕ್ಕೂ ಕುತ್ತು ತರತ್ತೆ. 2018ರ ಜನವರಿಯಲ್ಲಿ ಸ್ಟ್ರಾವಾ ಫಿಟ್‌ನೆಸ್ ಆ್ಯಪ್‌ನ ಮ್ಯಾಪ್‌ನಲ್ಲಿ ಸೈನಿಕರು ಜಾಗಿಂಗ್ ಮಾಡಿದ ಗೆರೆಗಳಿಂದಾನೇ ಮಿಲಿಟರಿ ನೆಲೆಗಳ ಆಕಾರ ಹೊರಬಿತ್ತು. 2023ರ ಹೊಸ ವರ್ಷದ ದಿನ ಪೂರ್ವ ಉಕ್ರೇನಿನ ಮಕೀವ್ಕಾದಲ್ಲಿ ರಷ್ಯಾದ ಸೈನಿಕರು ತಂಗಿದ್ದ ಕಟ್ಟಡದ ಮೇಲೆ ಉಕ್ರೇನಿನ ರಾಕೆಟ್ ಬಿದ್ದಾಗ, ರಷ್ಯಾದ ಲೆಕ್ಕದಲ್ಲೇ 89 ಜನ ಸತ್ತರು, ಸೈನಿಕರು ಮೊಬೈಲ್ ಬಳಸಿದ್ದೇ ಮುಖ್ಯ ಕಾರಣ ಅಂತ ರಷ್ಯಾದ ರಕ್ಷಣಾ ಸಚಿವಾಲಯನೇ ಹೇಳ್ತು.

ಇನ್ನು ಗಾಯ ಆದಾಗ. 2001ರಿಂದ 2011ರ ತನಕ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರ ಸಾವುಗಳನ್ನ ಒಂದೊಂದಾಗಿ ಪರಿಶೀಲಿಸಿದ ಅಧ್ಯಯನ ಇದೆ, 4,596 ಸಾವು. ಅದರಲ್ಲಿ 87 ಪರ್ಸೆಂಟ್ ಜನ ಆಸ್ಪತ್ರೆ ಮುಟ್ಟೋಕೆ ಮುಂಚೆನೇ ಸತ್ತಿದ್ರು, ಆ ಪೈಕಿ ಸುಮಾರು ಕಾಲು ಭಾಗದವರನ್ನ ಉಳಿಸಬಹುದಿತ್ತು, ಉಳಿಸಬಹುದಾಗಿದ್ದವರಲ್ಲಿ ಸುಮಾರು 90 ಪರ್ಸೆಂಟ್ ಸತ್ತಿದ್ದು ರಕ್ತಸ್ರಾವದಿಂದ. ಅಂದ್ರೆ ಡಾಕ್ಟರ್ ಬರೋ ತನಕ ಕಾಯೋ ವಿಷಯವೇ ಅಲ್ಲ ಇದು, ಪಕ್ಕದಲ್ಲಿರೋನ ಕೈಲಿರೋ ವಿಷಯ. ಅದಕ್ಕೇ ಈಗ ಅಡುಗೆ ಮಾಡೋ ಸೈನಿಕನಿಗೂ ಟೂರ್ನಿಕೆಟ್ (ರಕ್ತ ನಿಲ್ಲಿಸೋಕೆ ಕೈಕಾಲಿಗೆ ಸುತ್ತಿ, ಕಡ್ಡಿ ತಿರುಗಿಸಿ ಬಿಗಿ ಮಾಡೋ ಪಟ್ಟಿ) ಕಟ್ಟೋದು ಬರಬೇಕು, ಒಂದೇ ಕೈಯಲ್ಲಿ, ತನಗೆ ತಾನೇ, ಕತ್ತಲಲ್ಲಿ. ಗುಂಡು ಬರ್ತಿರುವಾಗ ಗಾಯ ಎಲ್ಲಿ ಅಂತ ಹುಡುಕಬೇಡ, ಕೈನೋ ಕಾಲೋ ಅದರ ಬುಡದಲ್ಲಿ ಬಟ್ಟೆ ಮೇಲೇ ಸುತ್ತು, ಕಡ್ಡಿ ತಿರುಗಿಸು, ರಕ್ತ ನಿಲ್ಲೋ ತನಕ ತಿರುಗಿಸು, ಅವನು ನೋವಿಗೆ ಕಿರುಚಿದ್ರೂ ನಿಲ್ಲಿಸಬೇಡ, ಕಡ್ಡಿ ಲಾಕ್ ಮಾಡು, ಟೈಮ್ ಬರಿ. ಇದಕ್ಕೂ ಮುಂಚಿನ ನಿಯಮ ಕೇಳೋಕೆ ಕಠೋರ. ಗೆಳೆಯ ಬಿದ್ದ ತಕ್ಷಣ ಅವನ ಹತ್ರ ಓಡಬಾರದು, ಮೊದಲು ಗುಂಡು ಬರ್ತಿರೋ ಕಡೆಗೆ ತಿರುಗಿ ಹೊಡೀಬೇಕು, ಇಲ್ಲಾಂದ್ರೆ ಇಬ್ಬರು ಬೀಳ್ತಾರೆ. ಅವನ ಕೂಗು ಕೇಳ್ತಾ ಕೇಳ್ತಾ ಆ ಕೆಲಸ ಮಾಡಿದ್ದು ಎಷ್ಟೋ ಜನರ ಮನಸ್ಸಲ್ಲಿ ಜೀವನಪೂರ್ತಿ ಉಳಿಯತ್ತೆ, ಸರಿಯಾದದ್ದೇ ಮಾಡಿದ್ರೂ.

ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ 2009ರಲ್ಲಿ ಗಾಯಾಳುನ 60 ನಿಮಿಷದೊಳಗೆ ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆ ಮುಟ್ಟಿಸಲೇಬೇಕು ಅಂತ ಆದೇಶ ಮಾಡಿದ, ಬಹಳ ಜೀವ ಉಳೀತು. ಆದ್ರೆ ಅದು ಆಕಾಶ ಪೂರ್ತಿ ನಮ್ಮದು ಅನ್ನೋ ಯುದ್ಧಕ್ಕೆ ಹೊಂದೋ ಲೆಕ್ಕ. ಉಕ್ರೇನಿನಲ್ಲಿ ಆ ಲೆಕ್ಕ ಕುಸಿದು ಬಿದ್ದಿದೆ. ಮುಂಚೂಣಿಯಿಂದ 10-15 ಕಿಲೋಮೀಟರ್ ಒಳಗೆ ಹಗಲು ಹೊತ್ತು ಓಡಾಡಿದ ಯಾವ ವಾಹನವೂ ಡ್ರೋನ್ ಕಣ್ಣಿಗೆ ಬೀಳತ್ತೆ, ಆಂಬ್ಯುಲೆನ್ಸ್ ಆದ್ರೂ ಬಿಡಲ್ಲ. ಗಾಯಾಳು ನೆಲಮಾಳಿಗೆಯಲ್ಲೋ ಕಂದಕದಲ್ಲೋ ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ಕಾಯ್ತಾನೆ. ಟೂರ್ನಿಕೆಟ್ ಎರಡು ಗಂಟೆ ಇದ್ರೆ ಕೈಕಾಲಿಗೆ ಅಷ್ಟು ಅಪಾಯ ಇಲ್ಲ, ಆರು ಗಂಟೆ ದಾಟಿದ್ರೆ ಅದನ್ನ ಕತ್ತರಿಸಬೇಕಾಗಿ ಬರಬಹುದು, ಜೀವ ಉಳಿಸಿದ ಪಟ್ಟಿನೇ ಕಾಲು ತೆಗೆಯತ್ತೆ.

ಡ್ರೋನ್ ಬಂದ್ಮೇಲೆ ಭಯದ ರೀತಿನೂ ಬೇರೆ ಆಗಿದೆ. ಶೆಲ್ ಬಿದ್ರೆ ಅದು ಯಾರನ್ನೂ ಹೆಸರಿಟ್ಟು ಹುಡುಕಿ ಬಂದಿರಲ್ಲ. ಎಫ್‌ಪಿವಿ ಡ್ರೋನ್ (ಅದರ ಕ್ಯಾಮೆರಾದಿಂದಾನೇ ನೋಡ್ತಾ ಓಡಿಸೋ ಡ್ರೋನ್) ಹಾಗಲ್ಲ, ಅದನ್ನ ಓಡಿಸೋನು ಸ್ಕ್ರೀನ್‌ನಲ್ಲಿ ಇವನ ಮುಖ ನೋಡ್ತಾ ಬರ್ತಾನೆ, ಇವನು ಎಡಕ್ಕೆ ಓಡಿದ್ರೆ ಅದೂ ಎಡಕ್ಕೆ, ಮರದ ಸುತ್ತ ಸುತ್ತಿದ್ರೆ ಅದೂ ಸುತ್ತತ್ತೆ. ಫೈಬರ್ ಕೇಬಲ್ ಕಟ್ಟಿಕೊಂಡು ಬರೋ ಡ್ರೋನ್‌ಗೆ ಜಾಮರ್ (ರೇಡಿಯೋ ಸಿಗ್ನಲ್ ಕೆಡಿಸೋ ಯಂತ್ರ) ಕೂಡ ನಾಟಲ್ಲ. ಹಾಗಾಗಿ ಸೈನಿಕರು ಇಬ್ಬರು ಮೂವರಾಗಿ ಓಡಾಡ್ತಾರೆ, ಮಂಜು ಮಳೆ ಬಿದ್ರೆ ಖುಷಿ ಪಡ್ತಾರೆ, ರಸ್ತೆ ಮೇಲೆ ಬಲೆ ಕಟ್ತಾರೆ. ಬದಲಿ ಜನ ಬರೋಕೆ ದಾರಿಯೇ ಇಲ್ಲದೆ ಒಂದೇ ಬಂಕರ್‌ನಲ್ಲಿ ತಿಂಗಳುಗಟ್ಟಲೆ ಉಳಿದವರಿದಾರೆ. ಇನ್ನೊಂದು ಕಡೆ, ಸಾವಿರಾರು ಕಿಲೋಮೀಟರ್ ದೂರದ ಕೋಣೆಯಲ್ಲಿ ಕೂತು ಡ್ರೋನ್ ಹಾರಿಸೋರೂ ಪೂರ್ತಿ ಪಾರಾಗಿಲ್ಲ, ದಿನಗಟ್ಟಲೆ ಒಬ್ಬನ ಮನೆ, ಮಕ್ಕಳನ್ನ ನೋಡಿ ಆಮೇಲೆ ಅವನ ಮೇಲೆ ಕ್ಷಿಪಣಿ ಬಿಡ್ತಾರೆ, ಶಿಫ್ಟ್ ಮುಗಿಸಿ ಕಾರ್ ಓಡಿಸ್ಕೊಂಡು ಮನೆಗೆ ಹೋಗ್ತಾರೆ.

ಧೈರ್ಯ ಅನ್ನೋದು ಖರ್ಚಾಗತ್ತೆ. ಇದು ನನ್ನ ಅಭಿಪ್ರಾಯ ಅಲ್ಲ, 1946ರಲ್ಲೇ ಆಪೆಲ್ ಮತ್ತು ಬೀಬ್ ಅನ್ನೋ ಇಬ್ಬರು ಸಂಶೋಧಕರು ಅಮೆರಿಕದ ಕಾಲಾಳುಗಳ ದಾಖಲೆ ನೋಡಿ ಬರೆದದ್ದು. ಒಟ್ಟು 200ರಿಂದ 240 ದಿನ ಕದನದಲ್ಲಿ ಇದ್ದವನು, ಎಷ್ಟೇ ಒಳ್ಳೆ ಸೈನಿಕ ಆಗಿರಲಿ, ಕೈಲಾಗದ ಸ್ಥಿತಿಗೆ ಬರ್ತಾನೆ. ಬ್ರಿಟಿಷರು ತಮ್ಮವರು 400 ದಿನದ ತನಕ ತಾಳ್ತಾರೆ ಅಂತ ಲೆಕ್ಕ ಹಾಕಿದ್ರು, ಅದಕ್ಕೆ ಕಾರಣ ಆಗಾಗ ಹಿಂದಕ್ಕೆ ಕರೆಸಿ ಕೆಲವು ದಿನ ರೆಸ್ಟ್ ಕೊಡ್ತಿದ್ದದ್ದು. ರೆಸ್ಟ್ ಕೊಡೋದು ದಯೆಯ ವಿಷಯ ಅನ್ಕೊಂಡಿರೋ ಕಮಾಂಡರ್‌ಗಳಿಗೆ ಈ ಎರಡು ಅಂಕಿ ತೋರಿಸಬೇಕು.

ಮನೆಗೆ ಹೇಗೆ ಬಂದ ಅನ್ನೋದೂ ಲೆಕ್ಕಕ್ಕೆ ಬರತ್ತೆ. ವಿಯೆಟ್ನಾಂನಿಂದ ಅಮೆರಿಕದ ಹುಡುಗರು ಒಬ್ಬೊಬ್ಬರಾಗಿ ವಿಮಾನ ಹತ್ತಿ, ಒಂದೆರಡು ದಿನದ ಹಿಂದೆ ಕಾಡಲ್ಲಿ ಇದ್ದವರು ಮನೆ ಬಾಗಿಲಲ್ಲಿ ನಿಂತಿರ್ತಿದ್ರು. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಿಂದ ಬ್ರಿಟಿಷ್ ಸೈನಿಕರಲ್ಲಿ ಬಹಳ ಜನ ಹಡಗಿನಲ್ಲಿ ಜೊತೆಯವರ ಜೊತೆಗೇ ವಾಪಸ್ ಬಂದ್ರು, ಕುಡಿದು ಜಗಳ ಆಡಿ ಅತ್ತು ಮಾತಾಡೋಕೆ ವಾರಗಳು ಸಿಕ್ಕಿದವು. ಅಫ್ಘಾನಿಸ್ತಾನದ ಕಾಲಕ್ಕೆ ಬ್ರಿಟನ್ ಮತ್ತು ಕೆನಡಾ ತಮ್ಮವರನ್ನ ಸೈಪ್ರಸ್‌ನಲ್ಲಿ ಇಳಿಸಿ, ಸ್ವಲ್ಪ ಸುಧಾರಿಸ್ಕೊಂಡ ಮೇಲೆ ಮನೆಗೆ ಕಳಿಸೋ ಪದ್ಧತಿ ತಂದ್ರು.

ಆದ್ರೂ ಮೈಗೆ ಕಲಿಸಿದ್ದು ಅಷ್ಟು ಬೇಗ ಹೋಗಲ್ಲ. ಇರಾಕ್‌ನಲ್ಲಿ ರಸ್ತೆ ಪಕ್ಕದ ಬಾಂಬ್ ತಪ್ಪಿಸೋಕೆ ರಸ್ತೆ ನಡುವೆ ವೇಗವಾಗಿ ಓಡಿಸ್ತಿದ್ದವರು ಊರಿಗೆ ಬಂದ್ಮೇಲೂ ಹಾಗೇ ಓಡಿಸ್ತಿದ್ರು, ರಸ್ತೆ ಬದಿ ಬಿದ್ದ ಕಸದ ಚೀಲ ಕಂಡ್ರೆ ಸ್ಟಿಯರಿಂಗ್ ತಿರುಗಿಸ್ತಿದ್ರು. ಗೋಡೆಗೆ ಬೆನ್ನು ಹಾಕಿ ಬಾಗಿಲ ಕಡೆ ಮುಖ ಮಾಡಿ ಕೂರೋದು, ಜನಜಂಗುಳಿಯಲ್ಲಿ ಎಲ್ಲರ ಕೈ ನೋಡೋದು. ಅಲ್ಲಿ ಜೀವ ಉಳಿಸಿದ್ದೇ ಇಲ್ಲಿ ಕಾಯಿಲೆಯ ಲಕ್ಷಣ ಅನ್ನಿಸಿಕೊಳತ್ತೆ. 1ನೇ ಮಹಾಯುದ್ಧದಲ್ಲಿ ಇದನ್ನ ಶೆಲ್ ಶಾಕ್ ಅಂದ್ರು, 1980ರಲ್ಲಿ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಪಿಟಿಎಸ್‌ಡಿ (ಆಘಾತದ ನಂತರವೂ ಉಳಿಯೋ ಮಾನಸಿಕ ಸಮಸ್ಯೆ) ಅನ್ನೋ ಹೆಸರಲ್ಲಿ ಸೇರ್ತು. ಯುದ್ಧಕ್ಕೆ ಹೋದ ಎಲ್ಲರಿಗೂ ಇದು ಬರಲ್ಲ, ಬಹುಪಾಲು ಜನ ತಿಂಗಳುಗಳಲ್ಲಿ ಸುಧಾರಿಸ್ಕೊಳ್ತಾರೆ. ಸ್ಫೋಟದ ಅಲೆ ಮೆದುಳಿಗೆ ಮಾಡೋ ಪೆಟ್ಟು ಬೇರೆ, ಅದರ ಲಕ್ಷಣಗಳೂ ಇದಕ್ಕೇ ಹೋಲತ್ತೆ, ಹಾಗಾಗಿ ಸಿಟ್ಟು, ಮರೆವು, ತಲೆನೋವು ಎಲ್ಲಾನೂ ಮನಸ್ಸಿನ ಸಮಸ್ಯೆ ಅಂತ ತಳ್ಳಿಹಾಕಬಾರದು.

ಭಯದಿಂದ ಬಾರದ ಗಾಯವೂ ಒಂದಿದೆ. ಚೆಕ್‌ಪೋಸ್ಟ್‌ನಲ್ಲಿ ನಿಲ್ಲದ ಕಾರಿಗೆ ನಿಯಮದ ಪ್ರಕಾರವೇ ಗುಂಡು ಹಾರಿಸಿದ, ಒಳಗೆ ಇದ್ದದ್ದು ಒಂದು ಕುಟುಂಬ. ಅವನಿಗೆ ಭಯ ಇಲ್ಲ, ನಾಚಿಕೆ ಇದೆ, ತಾನು ಒಳ್ಳೆಯವನು ಅನ್ನೋ ನಂಬಿಕೆನೇ ಹೋಗಿದೆ. ಇದನ್ನ ತಜ್ಞರು ನೈತಿಕ ಗಾಯ ಅಂತ ಕರೀತಾರೆ. ಇವನ ಮುಂದೆ ನಿಂತು ನೀನು ಹೀರೋ ಅಂದ್ರೆ ಅವನು ಇನ್ನೂ ಒಳಗೆ ಸರೀತಾನೆ, ಎಷ್ಟು ಜನರನ್ನ ಹೊಡೆದೆ ಅಂತ ಕುತೂಹಲಕ್ಕೆ ಕೇಳೋದು ಅದಕ್ಕಿಂತ ಕೆಟ್ಟದು.

ಚಿಕಿತ್ಸೆ ಇದೆ, ಕೆಲಸ ಮಾಡೋ ಚಿಕಿತ್ಸೆ. ಆ ಘಟನೆಯನ್ನೇ ನೇರವಾಗಿ ಎತ್ತಿಕೊಂಡು, ತರಬೇತಿ ಪಡೆದ ಥೆರಪಿಸ್ಟ್ ಜೊತೆ ಮತ್ತೆ ಮತ್ತೆ ಹೇಳಿ, ಆ ಬಗ್ಗೆ ಕಟ್ಟಿಕೊಂಡ ಯೋಚನೆಗಳನ್ನ ಬಿಡಿಸಿ ನೋಡೋ ಥೆರಪಿಗಳು ಸಾಮಾನ್ಯವಾಗಿ ಎಂಟರಿಂದ ಹದಿನೈದು ಸೆಷನ್ ನಡೆಯತ್ತೆ, ಮೊದಮೊದಲು ಕಷ್ಟ ಜಾಸ್ತಿನೇ ಆಗಬಹುದು, ಅದಕ್ಕೆ ಅರ್ಧಕ್ಕೇ ಬಿಡೋರು ಬಹಳ. ಜೊತೆಗೆ ಔಷಧಿ, ನಿದ್ದೆ ಸರಿಮಾಡೋದು, ಕುಡಿತ ಬಿಡಿಸೋದು. ಅಲ್ಲಿ ತನಕ ಹೋಗೋದೇ ದೊಡ್ಡ ಅಡ್ಡಿ, ಯಾಕಂದ್ರೆ ದಾಖಲೆಗೆ ಹೋದ್ರೆ ಪ್ರಮೋಷನ್ ಹೋಗತ್ತೆ, ಜೊತೆಯವರು ಏನಂತಾರೋ ಅನ್ನೋ ಹೆದರಿಕೆ ಎಲ್ಲಾ ಸೇನೆಯಲ್ಲೂ ಇದೆ. ಕಮಾಂಡರ್ ಒಬ್ಬ ತನ್ನ ಪಡೆಯ ಮುಂದೆ ನಿಂತು ನಾನೂ ಹೋಗಿದ್ದೆ, ಹನ್ನೆರಡು ಸೆಷನ್ ಕೂತಿದ್ದೆ, ಈಗಲೂ ಇಲ್ಲೇ ಇದೀನಿ ಅಂತ ಹೇಳಿದ್ರೆ, ಮಾರನೇ ವಾರ ಇನ್ನೊಬ್ಬ ಅಪಾಯಿಂಟ್‌ಮೆಂಟ್ ತಗೊಳೋಕೆ ಅಷ್ಟು ಸಾಕಾಗಬಹುದು.